ಪಕ್ಕದಲ್ಲಿ ಕೂತ ದೋಸ್ತ ಏನಂದ?

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಕಾಲೇಜು ಬಿಟ್ಟ ಹೊತ್ತಿಗೆ ಎರಡು ಗುಂಪುಗಳು ಕಾಣುತ್ತವೆ. ಒಂದೆಡೆ ಬ್ಯಾಗು ಎದೆಗವಚಿಕೊಂಡು ನಿಂತ ಹುಡುಗಿಯರು, ಇನ್ನೊಂದೆಡೆ ಬೈಕಿಗೆ ಒರಗಿ ನಿಂತ ಹುಡುಗರು. ಕೊಡಂಬಲ, ಚಿಟಗುಪ್ಪ ಕಡೆಯ ಹಳ್ಳಿಗಳಿಗೆ ಹೋಗುವ ಹುಡುಗಿಯರಿಗೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡಿನ ಚಿಂತೆ ತಪ್ಪಿತು. ಬಸ್ಸಿಗೆ ಕಾಯುವ ಆ ಅರ್ಧ ಗಂಟೆಯ ಚಿಂತೆ ತಪ್ಪಿಲ್ಲ.

ಆ ಚಿಂತೆಗೆ ಬೀದರ್ ಜಿಲ್ಲೆ ಕೊಟ್ಟ ಉತ್ತರದ ಹೆಸರು ಅಕ್ಕ ಪಡೆ. ಶಾಲೆ, ಕಾಲೇಜು, ಬಸ್ ನಿಲ್ದಾಣಗಳ ಸುತ್ತ ಗಾಡಿಯಲ್ಲಿ ಗಸ್ತು ಹೊಡೆಯುವ ಮಹಿಳೆಯರ ತಂಡವಿದು. ಬೀದರ್‌ನಲ್ಲಿ ಮೊದಲು ಶುರುವಾದ ಈ ಪ್ರಯೋಗವನ್ನು ರಾಜ್ಯದ ಉಳಿದ ಜಿಲ್ಲೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ 2025ರಲ್ಲಿ ಪ್ರಕಟಿಸಿತು. ಅದಕ್ಕೂ ಮುಂಚೆ ಚಿತ್ರದುರ್ಗದಲ್ಲಿ ಓಬವ್ವ ಪಡೆ, ಮಂಗಳೂರಿನಲ್ಲಿ ರಾಣಿ ಅಬ್ಬಕ್ಕ ಪಡೆ ಬಂದಿದ್ದವು. ಹೆಸರುಗಳೆಲ್ಲ ಚೆಂದ, ಕೆಲಸವೂ ಬೇಕಾದದ್ದೇ. ಗಾಡಿ ಬಂದರೆ ಕಟ್ಟೆಯ ಹುಡುಗರು ಚದುರುತ್ತಾರೆ. ಗಾಡಿ ಹೋದ ಮೇಲೆ ಏನು ಎನ್ನುವುದಕ್ಕೆ ಯಾವ ಪಡೆಯ ಬಳಿಯೂ ಉತ್ತರವಿಲ್ಲ. ಆ ಹುಡುಗರ ನಡುವೆಯೇ ನಿಂತ, ಚುಡಾಯಿಸುವುದು ಇಷ್ಟವಿಲ್ಲದ, ಆದರೂ ಎಲ್ಲರ ಜತೆ ನಕ್ಕುಬಿಡುವ ಒಬ್ಬನಿದ್ದಾನಲ್ಲ, ಅವನನ್ನು ಯಾರೂ ಮಾತಾಡಿಸುತ್ತಿಲ್ಲ.

ಅಕ್ಕನ ಹೆಸರನ್ನೇ ಈ ಪಡೆಗೆ ಇಟ್ಟದ್ದರಲ್ಲಿ ಒಂದು ವಿಚಿತ್ರವೂ ಇದೆ. ಶೂನ್ಯಸಂಪಾದನೆಯ ಕಥನದಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಕಾಲಿಟ್ಟಾಗ ಎದುರಾಗುವುದು ಸ್ವಾಗತವಲ್ಲ, ಕಿನ್ನರಿ ಬೊಮ್ಮಯ್ಯನ ಪರೀಕ್ಷೆ. ಅದನ್ನು ದಾಟಿ ಅನುಭವ ಮಂಟಪಕ್ಕೆ ಬಂದರೆ ಅಲ್ಲಮನ ಪ್ರಶ್ನೆಗಳು. ಕೊನೆಗೆ ಎಲ್ಲರೂ ತಲೆಬಾಗುತ್ತಾರೆ, ನಿಜ. ಆದರೆ ತಾನು ಯಾರೆಂದು ರುಜುವಾತು ಮಾಡಬೇಕಾದವಳು ಅವಳೇ. ಎಂಟುನೂರು ವರ್ಷಗಳ ಬಳಿಕವೂ ಹೊರೆ ಹೊರುವ ಭುಜ ಬದಲಾಗಿಲ್ಲ.

ಅದಕ್ಕೆ ಸಾಕ್ಷಿ ಬೇಕಾದರೆ ದೂರದ ಮೈಸೂರು ನೋಡಬೇಕು. 2021ರ ಆಗಸ್ಟ್ 24ರ ಸಂಜೆ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲವೇ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾಲಯದ ಸುತ್ತೋಲೆ ಬಂತು: ಸಂಜೆ 6.30ರ ಬಳಿಕ ಮಾನಸಗಂಗೋತ್ರಿ ಆವರಣದಲ್ಲಿ ವಿದ್ಯಾರ್ಥಿನಿಯರು ಒಬ್ಬರೇ ಓಡಾಡುವಂತಿಲ್ಲ. ಆಗಿನ ಗೃಹ ಸಚಿವರಾದ ಆರಗ ಜ್ಞಾನೇಂದ್ರ ಅವರು ಆ ವಿದ್ಯಾರ್ಥಿನಿ ಅಲ್ಲಿಗೆ ಹೋಗಬಾರದಿತ್ತು ಎಂಬರ್ಥದ ಮಾತಾಡಿ, ಟೀಕೆ ಬಂದ ಮೇಲೆ ಹಿಂದಕ್ಕೆ ಪಡೆದರು. ಸುತ್ತೋಲೆಯೂ ಟೀಕೆಗೆ ಸಿಕ್ಕಿ ಬದಲಾಯಿತು. ಆ ಪ್ರಕರಣದ ಆರೋಪಿಗಳು ವಿದ್ಯಾರ್ಥಿಗಳಲ್ಲ, ಹೊರಗಿನವರು. ಹಾಗಿದ್ದರೂ ಆ ಸುತ್ತೋಲೆ ಬರೆಯುವಾಗ ವಿಶ್ವವಿದ್ಯಾಲಯಕ್ಕೆ ತನ್ನ ಸಾವಿರಾರು ಗಂಡುಮಕ್ಕಳಿಗೆ ಹೇಳಲು ಒಂದು ಸಾಲೂ ಹೊಳೆಯಲಿಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ.

ತಮಾಷೆಯೆಂದರೆ, ವಿಶ್ವವಿದ್ಯಾಲಯ ಅನುದಾನ ಆಯೋಗವೇ ಇಂಥದ್ದು ಕೂಡದು ಎಂದಿತ್ತು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಯುವ 2015ರ ನಿಯಮಾವಳಿಯನ್ನು ಆಯೋಗ 2016ರ ಮೇ ತಿಂಗಳಲ್ಲಿ ಅಧಿಸೂಚಿಸಿತು. ಸುರಕ್ಷತೆಯ ನೆಪದಲ್ಲಿ ಹುಡುಗರಿಗಿಲ್ಲದ ಹಾಸ್ಟೆಲ್ ನಿಯಮಗಳನ್ನು ಹುಡುಗಿಯರ ಮೇಲೆ ಹೇರಬಾರದೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ.

ರಾತ್ರಿ, ಕತ್ತಲೆ, ಅಪರಿಚಿತ ಎನ್ನುವ ಭಯದ ಚಿತ್ರ ಅಂಕಿಅಂಶಗಳಿಗೆ ಹೊಂದುವುದೇ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 31,516. ವರ್ಷದಿಂದ ವರ್ಷಕ್ಕೆ ಇಂಥ ಪ್ರಕರಣಗಳ ಪೈಕಿ ಶೇ 95ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಸಂತ್ರಸ್ತೆಗೆ ಗೊತ್ತಿದ್ದವನೇ: ನೆಂಟ, ನೆರೆಯವ, ಗೆಳೆಯ, ಸಹಪಾಠಿ, ಕೆಲಸ ಕೊಟ್ಟವ. ಅವಳಿಗೆ ಗೊತ್ತಿದ್ದವನು ಇನ್ನೂ ನಾಲ್ಕು ಗಂಡಸರಿಗೆ ಗೊತ್ತಿರಲೇಬೇಕು. ಆ ನಾಲ್ವರು ಏನು ಕಂಡರು, ಏನು ಕೇಳಿದರು, ಏನು ಅಂದರು ಎನ್ನುವುದು ಎಫ್‌ಐಆರ್‌ನಲ್ಲಿ ಬರುವುದು ಅಪರೂಪ.

2024ರ ಸೆಪ್ಟೆಂಬರ್‌ನಲ್ಲಿ ಬಸವಕಲ್ಯಾಣ ತಾಲ್ಲೂಕಿನ ಹಳ್ಳಿಯೊಂದರ ಯುವತಿಯ ಕೊಲೆ ಪ್ರಕರಣ ಜಿಲ್ಲೆಯನ್ನೇ ಕಲಕಿತು. ಅತ್ಯಾಚಾರ ಮತ್ತು ಕೊಲೆ ಆರೋಪದಲ್ಲಿ ಪೊಲೀಸರು ಬಂಧಿಸಿದ್ದು ಮೂವರನ್ನು. ಪ್ರತಿಭಟನೆಗಳಾದವು, ಗಲ್ಲು ಶಿಕ್ಷೆಯ ಬೇಡಿಕೆ ಕೇಳಿಬಂತು. ಸಿಟ್ಟು ಸಹಜ, ನ್ಯಾಯವೂ ಬೇಕು. ಆದರೆ ಗಲ್ಲಿನ ಕೂಗು ಜೋರಾದಷ್ಟೂ ಉಳಿದ ಗಂಡಸರಿಗೆ ಒಂದು ಅನುಕೂಲವಾಗುತ್ತದೆ. ಅಪರಾಧಿ ಬೇರೆ ಜಾತಿಯ ಪ್ರಾಣಿ, ತಾವು ಬೇರೆ ಎಂದು ಅಂದುಕೊಂಡು ಮನೆಗೆ ಹೋಗಬಹುದು.

ಹಾಗೆ ಅಂದುಕೊಳ್ಳಲು ಬಿಡದ ಪ್ರಕರಣ ಪುತ್ತೂರಿನದು. 2019ರ ಜುಲೈನಲ್ಲಿ ಅಲ್ಲಿ ಐವರು ಕಾಲೇಜು ವಿದ್ಯಾರ್ಥಿಗಳು ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ಎಸಗಿದ ಆರೋಪದಡಿ ಬಂಧಿತರಾದರು. ಕೃತ್ಯ ನಡೆದು ತಿಂಗಳುಗಳೇ ಕಳೆದಿದ್ದವು. ಅದು ಹೊರಬಿದ್ದದ್ದು ಯಾರದೋ ಆತ್ಮಸಾಕ್ಷಿಯಿಂದಲ್ಲ, ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ್ದರಿಂದ. ಆ ತುಣುಕು ಒಂದು ಫೋನಿನಿಂದ ಇನ್ನೊಂದಕ್ಕೆ ಜಿಗಿದ ಪ್ರತಿ ಸಲವೂ ಒಬ್ಬ ಯುವಕನ ಹೆಬ್ಬೆರಳು ಪರದೆಯ ಮೇಲೆ ಗಳಿಗೆ ನಿಂತಿರಬೇಕು. ಮುಂದಕ್ಕೆ ಕಳಿಸುವುದೂ ಅಪರಾಧವೇ. ಲೈಂಗಿಕ ದೃಶ್ಯವನ್ನು ಹೀಗೆ ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಂ ಪ್ರಕಾರ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು. ಕಾಯ್ದೆ ಗೊತ್ತಿಲ್ಲದಿದ್ದರೂ, ನೋಡುತ್ತಿರುವುದು ಏನೆಂದು ಗೊತ್ತಾಗದವರು ಯಾರು?

ಹುಬ್ಬಳ್ಳಿಯ 2024 ಇನ್ನೂ ಕಹಿ. ಏಪ್ರಿಲ್ 18ರಂದು ಕಾಲೇಜು ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳ ಹತ್ಯೆಯಾಯಿತು. ಆರೋಪಿ ಹಿಂದೆ ಅವಳ ಜತೆ ಓದಿದವ. ಒಂದು ತಿಂಗಳೂ ತುಂಬುವ ಮೊದಲು ಅದೇ ಊರಲ್ಲಿ ಇನ್ನೊಬ್ಬ ಯುವತಿ ಮನೆಯೊಳಗೇ ಕೊಲೆಯಾದಳು. ಬೆದರಿಕೆಯ ವಿಷಯವನ್ನು ಮೊದಲೇ ಪೊಲೀಸರ ಕಿವಿಗೆ ಹಾಕಿದ್ದೆವೆಂದು ಅವಳ ಮನೆಯವರು ಹೇಳಿದರು. ನಿರ್ಲಕ್ಷ್ಯದ ಆರೋಪದಲ್ಲಿ ಪೊಲೀಸರು ಅಮಾನತಾದರು. ಮೊದಲ ಕೊಲೆಯ ಮೇಲಿನ ಚರ್ಚೆ ಧರ್ಮದ ಕಡೆ ತಿರುಗಿ ವಾರಗಟ್ಟಲೆ ಅಲ್ಲೇ ಸುತ್ತಿತು. ‘ಒಲ್ಲೆ’ ಅಂದ ಹುಡುಗಿಯ ಬೆನ್ನು ಬೀಳುವವನಿಗೆ ಅವನ ದೋಸ್ತರು ಯಾರೂ ‘ಸಾಕು ಬಿಡು’ ಎನ್ನುವುದಿಲ್ಲವೇಕೆ ಎಂಬ ಪ್ರಶ್ನೆಗೆ ಅಷ್ಟು ಸಮಯ ಸಿಗಲಿಲ್ಲ. ಸಿನಿಮಾವೂ ಇಲ್ಲಿ ನಿರಪರಾಧಿಯಲ್ಲ. ಬೆನ್ನು ಹತ್ತುವುದನ್ನೇ ಪ್ರೀತಿಯ ಮೊದಲ ಪಾಠವಾಗಿ, ನಾಯಕನ ಗೆಳೆಯರನ್ನು ಅದರ ಚಿಯರ್ ಪಾರ್ಟಿಯಾಗಿ ತೋರಿಸುತ್ತ ಬಂದಿದೆ. 2015ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಇಬ್ಬರು ಮಹಿಳೆಯರ ಬೆನ್ನು ಬಿದ್ದ ಭಾರತೀಯನೊಬ್ಬನ ವಕೀಲರು, ಅವನು ಹಿಂದಿ ಸಿನಿಮಾ ನೋಡಿ ಹೀಗಾದ ಎಂದು ಕೋರ್ಟಿನಲ್ಲಿ ವಾದಿಸಿದ್ದರು. ಅವನು ಜೈಲಿಗೆ ಹೋಗದೆ ಪಾರಾದ.

ದೋಸ್ತರು ಸುಮ್ಮನಿರುವುದೇಕೆ? ಮನಶ್ಶಾಸ್ತ್ರಜ್ಞರು ಇದನ್ನು ಅರ್ಧ ಶತಮಾನದಿಂದ ಕೆದಕುತ್ತಿದ್ದಾರೆ. 1968ರಲ್ಲಿ ಅಮೆರಿಕದ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಒಂದು ಕೋಣೆಗೆ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬನೇ ಕೂತಿದ್ದಾಗ ನೂರರಲ್ಲಿ 75 ಮಂದಿ ಎದ್ದು ಹೋಗಿ ಹೇಳಿದರು. ಏನೂ ಆಗಿಲ್ಲವೆಂಬಂತೆ ನಟಿಸುವ ಇಬ್ಬರನ್ನು ಪಕ್ಕದಲ್ಲಿ ಕೂರಿಸಿದಾಗ ಹೇಳಿದವರು ಬರೀ ಹತ್ತು. ಉಳಿದವರು ಕೆಮ್ಮುತ್ತ, ಕಣ್ಣು ಒರೆಸಿಕೊಳ್ಳುತ್ತ ಕೂತೇ ಇದ್ದರು.

ಈ ಹೊಗೆಯ ಕೋಣೆಗೂ ಕಟ್ಟೆಯ ಗುಂಪಿಗೂ ನಡುವಿನ ಕೊಂಡಿಯನ್ನು ತೋರಿಸಿದ್ದು ಇನ್ನೊಂದು ಅಧ್ಯಯನ. 2003ರಲ್ಲಿ ಪ್ರಕಟವಾದ ಅದನ್ನು ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆ ಮಾಡಿದ್ದರು. ಹೆಣ್ಣಿನ ಒಪ್ಪಿಗೆ ಮುಖ್ಯವೇ, ತಪ್ಪು ಕಂಡರೆ ತಡೆಯುತ್ತೀರಾ ಎಂದು ಹುಡುಗರನ್ನು ಕೇಳಿ, ಉಳಿದ ಹುಡುಗರು ಏನು ಹೇಳಬಹುದೆಂದೂ ಕೇಳಿದರು. ತಮಗೆ ಅದು ಮುಖ್ಯ, ಉಳಿದವರಿಗೆ ಅಷ್ಟಾಗಿ ಅಲ್ಲ ಎನ್ನುವುದು ಹುಡುಗರ ಅಂದಾಜು. ಬಹುತೇಕರು ಹಾಗೇ ಅಂದುಕೊಂಡಿದ್ದರು. ಅಂದರೆ ಅಸಹ್ಯಪಟ್ಟುಕೊಂಡವರೇ ಹೆಚ್ಚಿದ್ದ ಗುಂಪಿನಲ್ಲೂ ಪ್ರತಿಯೊಬ್ಬನೂ ತಾನೊಬ್ಬನೇ ಎಂದು ತಿಳಿದು ನಗುತ್ತ ನಿಂತಿರಬಹುದು. ಚುಡಾಯಿಸುವವನು ಆ ನಗುವನ್ನು ಒಪ್ಪಿಗೆ ಎಂದೇ ಎಣಿಸುತ್ತಾನೆ.

ಈ ಸುಳ್ಳು ಲೆಕ್ಕವನ್ನು ಒಡೆಯುವುದು ಹೇಗೆಂದು ತಿಳಿಯಲು ಹುಮನಾಬಾದಿನವರು ಅಮೆರಿಕಕ್ಕೆ ಹೋಗಬೇಕಿಲ್ಲ. ಊರ ಮೂಲಕ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯ ಪಶ್ಚಿಮದ ತುದಿಗೆ ಹೋದರೆ ಸಾಕು.

ಪುಣೆಯಲ್ಲಿ ನಡೆದ ಆ ಕೆಲಸದ ಬೇರು ಮುಂಬೈಯಲ್ಲಿದೆ. 1991ರಲ್ಲಿ ಪತ್ರಕರ್ತ ಸಿ.ವೈ. ಗೋಪಿನಾಥ್ ಪತ್ರಿಕೆಯಲ್ಲಿ ಒಂದು ಜಾಹೀರಾತು ಕೊಟ್ಟರು. ಹೆಂಡತಿಗೆ ಹೊಡೆಯುವುದು ತಪ್ಪು ಎಂದು ನಂಬುವ ಗಂಡಸರು ಬೇಕಾಗಿದ್ದಾರೆ ಎನ್ನುವುದು ಅದರ ತಾತ್ಪರ್ಯ. 205 ಮಂದಿ ಉತ್ತರ ಬರೆದರು. ಅವರಲ್ಲಿ ಉಳಿದುಕೊಂಡ ಕೆಲವರು ಸೇರಿ 1993ರಲ್ಲಿ ಮುಂಬೈಯಲ್ಲಿ ಕಟ್ಟಿದ ಸಂಘಟನೆ ‘ಮಾವಾ’, ಅಂದರೆ ಹಿಂಸೆ ಮತ್ತು ದೌರ್ಜನ್ಯದ ವಿರುದ್ಧದ ಗಂಡಸರ ಬಳಗ. ಹರೀಶ್ ಸದಾನಿ ಅದರ ಮುಂಚೂಣಿಯಲ್ಲಿದ್ದವರು. ‘ಪುರುಷ ಸ್ಪಂದನ’ ಎಂಬ ಮರಾಠಿ ದೀಪಾವಳಿ ವಿಶೇಷಾಂಕವನ್ನೂ ಈ ಬಳಗ ತಂದಿತು. ಗಂಡಸರು ಗಂಡಸುತನದ ಬಗ್ಗೆ ಬರೆದುಕೊಳ್ಳುವ ಪತ್ರಿಕೆ ಅದು.

2006ರಲ್ಲಿ ಇವರು ಪುಣೆಯ ಕಾಲೇಜುಗಳಿಗೆ ‘ಯುವಾ ಮೈತ್ರಿ’ ಕಾರ್ಯಕ್ರಮ ತಂದರು. ಬಾಗಿಲು ತೆರೆದದ್ದು ಎನ್‌ಎಸ್‌ಎಸ್. ಕಾಲೇಜಿನ ಹುಡುಗರಲ್ಲಿ ಕೆಲವರನ್ನು ಆರಿಸಿ, ಊರ ಹೊರಗೆ ಶಿಬಿರದಲ್ಲಿ ಕೂಡಿಸಿ, ಅವರಿಂದಲೇ ಮಾತು ಹೊರಡಿಸುವುದು ಕ್ರಮ. ಮೈ ಬದಲಾಗುವ ವಯಸ್ಸಿನ ಅನುಮಾನಗಳು, ಬ್ಲೂಫಿಲಂ ಕಲಿಸಿದ ಸುಳ್ಳುಗಳು, ಅಪ್ಪನ ಏಟು, ಹುಡುಗಿಯ ‘ಒಲ್ಲೆ’ಗೆ ಏನರ್ಥ ಎನ್ನುವುದು, ಎಲ್ಲವೂ ಅಲ್ಲಿ ಬರುತ್ತವೆ. ಶಿಬಿರ ಮುಗಿಸಿದವರು ಕಾಲೇಜಿಗೆ ಮರಳಿ ಜತೆಗಾರರೊಡನೆ ಅದೇ ಮಾತು ಮುಂದುವರಿಸುತ್ತಾರೆ, ಬೀದಿ ನಾಟಕ ಆಡುತ್ತಾರೆ. ಭಾಷಣಕಾರರ ಜಾಗದಲ್ಲಿ ಒಂದೆರಡು ವರ್ಷ ದೊಡ್ಡವನಾದ ಸೀನಿಯರ್ ಇರುತ್ತಾನೆ. ಪೊಲೀಸರ ಮಾತು, ಪ್ರಾಂಶುಪಾಲರ ಮಾತು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವ ಹುಡುಗ ತನ್ನ ಸೀನಿಯರ್ ಹೇಳಿದ್ದನ್ನು ಹಾಗೆ ಬಿಡಲಾರ.

ಮುಂಬೈಯಲ್ಲೇ ಇನ್ನೊಂದು ದಾರಿ ಹುಡುಕಿದವರು ಕ್ರಿಕೆಟ್ ಕೋಚ್‌ಗಳನ್ನು ಹಿಡಿದರು. ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಪರೀಕ್ಷೆಗೆ ಒಳಗಾದ ಕಾರ್ಯಕ್ರಮವೊಂದರ ಭಾರತೀಯ ರೂಪವಾದ ‘ಪರಿವರ್ತನ್’ನಲ್ಲಿ, ನೆಟ್ ಅಭ್ಯಾಸದ ನಡುವೆಯೇ ಕೋಚ್ ಹುಡುಗರೊಡನೆ ಹೆಣ್ಣುಮಕ್ಕಳ ಬಗೆಗಿನ ಮಾತು ತೆಗೆಯುತ್ತಿದ್ದ. ಊರೂರಿಗೆ ಟೆನಿಸ್ ಬಾಲ್ ಟೂರ್ನಿ ನಡೆಯುವ ಬೀದರ್ ಸೀಮೆಗೆ ಇದಕ್ಕಿಂತ ಹತ್ತಿರದ ಉಪಾಯ ಇನ್ನೊಂದಿಲ್ಲ.

ಇವೆಲ್ಲ ಕೇಳಲು ಹಿತ. ಫಲ ಸಿಗುತ್ತದೆಯೇ? ಇಲ್ಲಿ ತಣ್ಣೀರೆರಚುವ ಒಂದು ವರದಿ ಇದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಂಶೋಧಕರು ಲೈಂಗಿಕ ಹಿಂಸೆ ತಡೆಯುವ ಕಾರ್ಯಕ್ರಮಗಳ 140 ಮೌಲ್ಯಮಾಪನಗಳನ್ನು ಒಟ್ಟಿಗಿಟ್ಟು ನೋಡಿ 2014ರಲ್ಲಿ ಪ್ರಕಟಿಸಿದರು. ಹಿಂಸೆಯನ್ನು ನಿಜಕ್ಕೂ ತಗ್ಗಿಸಿದವೆಂದು ಗಟ್ಟಿಯಾಗಿ ಹೇಳಬಹುದಾದವು ಬರೀ ಮೂರು. ಒಂದು ಗಂಟೆಯ ಉಪನ್ಯಾಸ, ಒಂದು ದಿನದ ಜಾಗೃತಿ ಶಿಬಿರಗಳು ಹೆಚ್ಚಿನಂಶ ನಿಷ್ಫಲ. ಹಾರ, ಶಾಲು, ಫೋಟೊ, ವಂದನಾರ್ಪಣೆಗೆ ಒಗ್ಗಿಹೋದ ನಮ್ಮ ಕಾಲೇಜುಗಳು ಆ ವರದಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು.

ಅಲ್ಲಿಂದೀಚೆಗೆ ಬಂದ ಸುದ್ದಿ ಸ್ವಲ್ಪ ಬೆಚ್ಚಗಿದೆ. ಕೆಂಟಕಿ ರಾಜ್ಯದ 26 ಪ್ರೌಢಶಾಲೆಗಳಲ್ಲಿ, ಅಪಾಯ ಕಂಡಾಗ ಜತೆಯಲ್ಲಿದ್ದವರು ಹೇಗೆ ನಡುವೆ ಬರಬೇಕೆಂದು ಕಲಿಸಿದ ಕಾರ್ಯಕ್ರಮದ ಫಲ ಕಂಡದ್ದು ಮೂರನೇ, ನಾಲ್ಕನೇ ವರ್ಷದಲ್ಲಿ. ವಿಯೆಟ್ನಾಂನ ಹನೋಯಿಯಲ್ಲಿ ಎರಡು ವಿಶ್ವವಿದ್ಯಾಲಯಗಳ 793 ಮೊದಲ ವರ್ಷದ ಹುಡುಗರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಒಪ್ಪಿಗೆ ಮತ್ತು ಮಧ್ಯಪ್ರವೇಶದ ಬಗ್ಗೆ ಕಂತುಕಂತಾಗಿ ಕಥೆಯಂತೆ ಸಾಗುವ ಪಾಠಗಳನ್ನು ಆನ್‌ಲೈನ್‌ನಲ್ಲಿ ತೋರಿಸಿದರು. ಆರು ತಿಂಗಳ ಬಳಿಕ ಆ ಗುಂಪಿನಲ್ಲಿ ಲೈಂಗಿಕ ಹಿಂಸೆಯ ವರ್ತನೆ ಇನ್ನೊಂದಕ್ಕಿಂತ ಕಡಿಮೆಯಿತ್ತು, ಗೆಳೆಯರನ್ನು ತಡೆದದ್ದು ಹೆಚ್ಚಿತ್ತು. ಹರಿಯಾಣದ 314 ಸರ್ಕಾರಿ ಶಾಲೆಗಳಲ್ಲಿ ನಡೆದ ಪರೀಕ್ಷೆ ಇನ್ನೂ ನಮ್ಮ ನೆಲದ್ದು. ‘ಬ್ರೇಕ್‌ಥ್ರೂ’ ಸಂಸ್ಥೆ ಎರಡೂವರೆ ವರ್ಷ, ಮೂರು ವಾರಕ್ಕೊಮ್ಮೆ, 45 ನಿಮಿಷ ಗಂಡು–ಹೆಣ್ಣಿನ ಪಾತ್ರಗಳ ಬಗ್ಗೆ ತರಗತಿಯಲ್ಲೇ ಚರ್ಚೆ ನಡೆಸಿತು. ಮಕ್ಕಳ ನಿಲುವು ಬದಲಾದದ್ದಷ್ಟೇ ಅಲ್ಲ, ತಾವು ಮನೆಗೆಲಸ ಹೆಚ್ಚು ಮಾಡುತ್ತಿದ್ದೇವೆಂದು ಹುಡುಗರು ಹೇಳಿದರು. ಹರಿಯಾಣದಲ್ಲಿ ಆದದ್ದು ಬೀದರ್‌ನಲ್ಲಿ ಆಗದೆನ್ನಲು ಕಾರಣವಿಲ್ಲ.

ಆದರೆ ಗಂಡಸರನ್ನು ಜತೆಗೆ ಕರೆಯುವಾಗ ಯಾವ ಹೆಸರಿನಿಂದ ಕರೆಯುತ್ತೇವೆ ಎನ್ನುವುದರಲ್ಲಿ ಒಂದು ಅಪಾಯವಿದೆ, ಕರ್ನಾಟಕದಲ್ಲಂತೂ ಬಹಳವೇ ಇದೆ. ‘ನಮ್ಮ ಅಕ್ಕ–ತಂಗಿಯರನ್ನು ಕಾಪಾಡಿ’ ಎಂದರೆ ಹುಡುಗರು ಕೂಡಲೇ ಎದ್ದು ನಿಲ್ಲುತ್ತಾರೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಯುವತಿಯರನ್ನು ಎಳೆದಾಡಿ ಹೊಡೆದವರು ಕೂಡ ಹೆಣ್ಣುಮಕ್ಕಳ ಮಾನ, ಸಂಸ್ಕೃತಿ ಉಳಿಸಲು ಬಂದವರೆಂದೇ ಹೇಳಿಕೊಂಡರು. 2012ರ ಜುಲೈನಲ್ಲಿ ಅದೇ ಊರಿನ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ–ಹುಡುಗಿಯರ ಮೇಲೆ ದಾಳಿಯಾದದ್ದೂ ಇದೇ ಹೆಸರಿನಲ್ಲಿ. ಎರಡೂ ಪ್ರಕರಣಗಳ ಆರೋಪಿಗಳು ವರ್ಷಗಳ ಬಳಿಕ ಕೋರ್ಟಿನಲ್ಲಿ ಖುಲಾಸೆಯಾದರು. ಕಾಪಾಡುವವನಿಗೆ ಹುಡುಗಿಯ ಇಚ್ಛೆ ಬೇಕಿಲ್ಲ, ಅವಳು ಎಲ್ಲಿರಬೇಕೆಂದು ಅವನೇ ತೀರ್ಮಾನಿಸುತ್ತಾನೆ. ಜತೆಗಾರ ಹಾಗಲ್ಲ. ಅವನ ಕೆಲಸವಿರುವುದು ಹುಡುಗಿಯ ಕಡೆಗಲ್ಲ, ತನ್ನ ದೋಸ್ತನ ಕಡೆಗೆ.

ಆ ಕೆಲಸ ನೋಡಲು ಏನೇನೂ ದೊಡ್ಡದಲ್ಲ. ಬಸ್ಸಿನಲ್ಲಿ ಒಬ್ಬ ಬೇಕೆಂತಲೇ ಮೈಗೆ ತಾಗುತ್ತಿದ್ದರೆ ಸಿನಿಮಾ ಹೀರೊನಂತೆ ಕಾಲರ್ ಹಿಡಿಯಬೇಕಾಗಿಲ್ಲ. ಹೊಡೆದಾಟವಾದರೆ ಮರುದಿನ ಕಾಲೇಜು ಬಿಡಿಸುವುದು ಹುಡುಗಿಯನ್ನೇ. ನಡುವೆ ಹೋಗಿ ನಿಂತು ‘ಈ ಬಸ್ ಚಿಟಗುಪ್ಪಕ್ಕ ಹೋಗ್ತದೇನ್ರಿ?’ ಎಂದು ಕೇಳಿದರೂ ಆದೀತು. ಕಂಡಕ್ಟರನಿಗೆ ಹೇಳಬಹುದು. 112ಕ್ಕೆ ಫೋನ್ ಮಾಡಬಹುದು. ಮುಗಿದ ಮೇಲೆ ‘ಅಕ್ಕಾ, ಏನಾರ ಮಾಡಬೇಕೇನ್ರಿ?’ ಎಂದು ಅವಳನ್ನೇ ಕೇಳಿ, ಬೇಡವೆಂದರೆ ಸುಮ್ಮನಾಗಬಹುದು. ಕೆಣಕುವವನು ತನ್ನದೇ ಗುಂಪಿನವನಾದರೆ ‘ಲೇ ದೋಸ್ತ, ಬಸ್ ಬಂತು ನಡಿ’ ಎಂದು ತೋಳು ಹಿಡಿದು ಎಬ್ಬಿಸಿದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಕಷ್ಟದ್ದು: ಸಂಜೆ ಅವನೊಬ್ಬನೇ ಸಿಕ್ಕಾಗ ‘ನೀ ಮಾಡಿದ್ದು ನನಗ ಸೇರಲಿಲ್ಲ’ ಅನ್ನುವುದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರದೋ ಫೋಟೊ ಬಿದ್ದಾಗ ‘ತೆಗಿಯೋ’ ಎಂದು ಬರೆಯುವ ಮೊದಲನೆಯವನಾಗುವುದು.

ಬೆಲೆಯೂ ಇದೆ. ಹಾಗಂದವನು ‘ಬಾಯಿಲೆ’, ‘ಅವಳ ವಕೀಲ’ ಎನಿಸಿಕೊಳ್ಳುತ್ತಾನೆ, ಗುಂಪಿನಿಂದ ಹೊರಗೂ ಬೀಳಬಹುದು. ಸುಳ್ಳು ದೂರಿನ ಭಯವೂ ಹುಡುಗರಲ್ಲಿದೆ. ಅದನ್ನು ಬೈದು ಬಾಯಿ ಮುಚ್ಚಿಸುವುದಕ್ಕಿಂತ, ವಿಚಾರಣೆ ಹೇಗೆ ನಡೆಯುತ್ತದೆ, ಎದುರು ಪಕ್ಷಕ್ಕೆ ಉತ್ತರಿಸಲು ಏನೇನು ಅವಕಾಶವಿದೆ ಎಂದು ವಿವರಿಸುವುದು ಮೇಲು. ಇನ್ನೊಂದು ವಿಷಯವನ್ನು ನಾವು ಬೇಗ ಮರೆಯುತ್ತೇವೆ. ರ‍್ಯಾಗಿಂಗ್ ಹೆಸರಿನಲ್ಲಿ ಹಾಸ್ಟೆಲಿನಲ್ಲಿ ಬಟ್ಟೆ ಬಿಚ್ಚಿಸಿಕೊಂಡ ಹುಡುಗರೂ ಇದ್ದಾರೆ. ವಿದ್ಯಾರ್ಥಿನಿಯರಷ್ಟೇ ಅಲ್ಲ, ವಿದ್ಯಾರ್ಥಿಗಳೂ, ಲಿಂಗತ್ವ ಅಲ್ಪಸಂಖ್ಯಾತರೂ ಲೈಂಗಿಕ ಕಿರುಕುಳಕ್ಕೆ ತುತ್ತಾಗುತ್ತಾರೆಂದು ಆಯೋಗದ ನಿಯಮಾವಳಿ ಒಪ್ಪಿಕೊಂಡಿದೆ. ತನಗಾದದ್ದನ್ನು ಹೇಳಿಕೊಳ್ಳಲು ಜಾಗ ಸಿಕ್ಕ ಹುಡುಗ ಇನ್ನೊಬ್ಬರಿಗೆ ಆಗುತ್ತಿರುವುದನ್ನು ಬೇಗ ಗುರುತಿಸುತ್ತಾನೆ.

ಅದೇ ನಿಯಮಾವಳಿ ಹುಡುಗರಿಗೆ ಒಂದು ಕುರ್ಚಿಯನ್ನೂ ಇಟ್ಟಿದೆ. ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಬೇಕು, ಹಿರಿಯ ಅಧ್ಯಾಪಕಿಯೊಬ್ಬರು ಅಧ್ಯಕ್ಷೆಯಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ವಿದ್ಯಾರ್ಥಿಗಳು ಭಾಗಿಯಾದ ಪ್ರಕರಣವಾದರೆ ಮೂವರು ವಿದ್ಯಾರ್ಥಿ ಸದಸ್ಯರೂ ಇರಬೇಕು, ಅವರನ್ನು ಪಾರದರ್ಶಕವಾಗಿ, ಪ್ರಜಾಸತ್ತಾತ್ಮಕವಾಗಿ ಆರಿಸಬೇಕು. ರಾಜ್ಯದ ಬಹುತೇಕ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಯೇ ದಶಕಗಳಿಂದ ನಿಂತಿರುವಾಗ ಈ ಮೂವರನ್ನು ಆರಿಸುವವರು ಯಾರು? ಪ್ರಾಂಶುಪಾಲರ ಮೇಜಿನ ಮೇಲೆ ಬರೆದ ಹೆಸರುಗಳನ್ನು ಹುಡುಗರು ತಮ್ಮವರೆಂದು ಒಪ್ಪುವುದಿಲ್ಲ.

2023ರಲ್ಲಿ ಹುಟ್ಟಿದ ಬೀದರ್ ವಿಶ್ವವಿದ್ಯಾಲಯಕ್ಕೆ ಈ ವಿಷಯದಲ್ಲಿ ಒಂದು ಅವಕಾಶವಿದೆ. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಬಂದಾಗ ಉಳಿಸಿಕೊಳ್ಳಬಹುದೆಂದು ಸಂಪುಟ ಉಪಸಮಿತಿ ಹೇಳಿದ್ದು ಇದೊಂದನ್ನೇ. ಹುಮನಾಬಾದ್, ಬಸವಕಲ್ಯಾಣದ ಪದವಿ ಕಾಲೇಜುಗಳೆಲ್ಲ ಎನ್‌ಎಸ್‌ಎಸ್ ಹೆಸರಿನಲ್ಲಿ ಪ್ರತಿ ವರ್ಷ ಯಾವುದಾದರೂ ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ ಹೂಡುತ್ತವೆ. ಬೆಳಗ್ಗೆ ಶ್ರಮದಾನ, ಸಂಜೆ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಸ್ವಯಂಸೇವಕನೊಬ್ಬ ಎರಡು ವರ್ಷದಲ್ಲಿ ಕೊಡಬೇಕಾದದ್ದು 240 ಗಂಟೆ. ಪುಣೆಯವರಿಗೆ ಬಾಗಿಲು ತೆರೆದದ್ದು ಇದೇ ವ್ಯವಸ್ಥೆ, ಹೊಸ ಯೋಜನೆಯೂ ಬೇಡ, ಹೊಸ ಅನುದಾನವೂ ಬೇಡ. ಏಳು ಸಂಜೆಗಳಲ್ಲಿ ಎರಡನ್ನು ಅತಿಥಿ ಭಾಷಣದಿಂದ ಬಿಡಿಸಿ, ಹುಡುಗರನ್ನೇ ಗುಂಡಾಗಿ ಕೂರಿಸಿ, ತರಬೇತಾದ ಅಂತಿಮ ವರ್ಷದವನೊಬ್ಬನ ಕೈಗೆ ಮಾತು ಕೊಟ್ಟು, ಅಧ್ಯಾಪಕರು ಎದ್ದು ಹೋಗಬಹುದು. ಶಿಬಿರದ ಅಡುಗೆ ಪಾಳಿಯಲ್ಲಿ ಹುಡುಗರ ಹೆಸರೂ ಬರೆಯಬಹುದು. ಶಿಬಿರ ಮುಗಿದ ಮೇಲೆ ತಿಂಗಳಿಗೊಂದು ಸಲವಾದರೂ ಅದೇ ಗುಂಪು ಕಾಲೇಜಿನಲ್ಲಿ ಸೇರದಿದ್ದರೆ ಇದೂ ಆ 140ರಲ್ಲಿ ನಿಷ್ಫಲವಾದವುಗಳ ಪಟ್ಟಿಗೆ ಸೇರುತ್ತದೆ. ಹಾಗೆ ತಿಂಗಳು ತಿಂಗಳು ಬಂದು ಕೂರುವವರ ನಡುವೆಯೇ, ಹುಡುಗ–ಹುಡುಗಿಯರೆಲ್ಲ ಸೇರಿ ಚೀಟಿ ಹಾಕಿ, ದೂರು ಸಮಿತಿಯ ಆ ಮೂವರನ್ನು ಆರಿಸಿ ಫಲಕದ ಮೇಲೆ ಹೆಸರು ಬರೆಯಬಹುದು.